ಹಿಂಬಾಗಿಲ ಮೋಹ

ಕಾರಿನ ಚಾವಣಿಯನ್ನು ಡಿಕ್ಕಿಯ ತುದಿಯವರೆಗೂ ಎಳೆದರೆ ಸ್ಟೇಷನ್ ವ್ಯಾಗನ್; ಹಳೆಯದನ್ನು ಕೊಂಡವರ ಖರ್ಚಿಗೆ ಮಾತ್ರ ತುದಿಯೇ ಇಲ್ಲ. ಭಾರತದಲ್ಲಿ ಈ ಜಾತಿಗೆ ಹೆಸರು ತಂದದ್ದು 1992ರ ಟಾಟಾ ಎಸ್ಟೇಟ್.

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಂಥ ಬರದ ಸೀಮೆ ಇಂಥ ಗಾಡಿಗೆ ಹೇಳಿಮಾಡಿಸಿದ್ದು: ಮಳೆ ಕಡಿಮೆ, ತುಕ್ಕೂ ಕಡಿಮೆ. ಜೋಳಕ್ಕೆ ಕೈಕೊಟ್ಟ ಮುಗಿಲು ತಗಡಿಗೆ ಉಪಕಾರ ಮಾಡುತ್ತದೆ. ಕೊಳ್ಳುವ ಮೊದಲು ನೆಲಕ್ಕೆ ಮಲಗಿ ತಳ ನೋಡಬೇಕು. ಆಗ ಸುತ್ತ ನೆರೆದವರು ಮರಾಠಿಯಲ್ಲಿ ಬೆಲೆ ಕೇಳಿ, ಕನ್ನಡದಲ್ಲಿ ಕನಿಕರ ಪಡುತ್ತಾರೆ: "ಇದರ ಬದಲಿ ಒಂದ್ ಜೋಡಿ ಖಿಲಾರಿ ಎತ್ತು ತರಬೇಕಿತ್ರಿ ಮಾವಾರ, ಮುದಿ ಆದ್ರೂ ತಾವs ನಡೀತಾವು."

ಎಂಜಿನ್ನಿನ ಚಿಂತೆ ಅಷ್ಟಿಲ್ಲ. ಅದು ಟಾಟಾ ಮೊಬೈಲ್ ಪಿಕಪ್, ಸಿಯೆರಾಗಳ ಡೀಸೆಲ್ ವಂಶದ್ದೇ. ಕಾಡುವುದು ಹಿಂದಿನ ಗಾಜು, ರಬ್ಬರ್ ಬೀಡಿಂಗ್, ದೀಪದ ಕವಚ. ಇವಕ್ಕಾಗಿ ಗುಜರಿ ಅಲೆದವರು ಕನ್ಯೆ ಹುಡುಕುವವರಿಗಿಂತ ಹೆಚ್ಚು ಊರು ನೋಡಿರುತ್ತಾರೆ.

ಕಡೆಗೆ ಕಾಗದಪತ್ರ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎನಿಸಲು ಗಾಡಿಗೆ 50 ವರ್ಷ ದಾಟಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆ ಲೆಕ್ಕದಲ್ಲಿ 1992ರ ಎಸ್ಟೇಟ್‌ಗೆ ಈ ಪದವಿ 2042ಕ್ಕೆ. ಅಲ್ಲಿಯ ತನಕ ಕಾಯ್ದೆಯ ಕಣ್ಣಿಗೆ ಅದು ಬರೀ ಹಳೆಯ ಕಾರು.