ಆಯಿಲ್ ಮಾವನ ಅಂತರಂಗ ಶುದ್ಧಿ

ಶಿಕಾರಿಪುರ ತಾಲ್ಲೂಕಿಗೆ ಅಂತರಂಗ ಶುದ್ಧಿಯ ಚರ್ಚೆ ಹೊಸದೇನಲ್ಲ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಇಲ್ಲೇ ಇವೆ. ಹನ್ನೆರಡನೇ ಶತಮಾನದಲ್ಲಿ ಎದ್ದ ಆ ಪ್ರಶ್ನೆಯನ್ನು ನಮ್ಮ ಆಯಿಲ್ ಮಾವ ಇಪ್ಪತ್ತೊಂದನೇ ಶತಮಾನಕ್ಕೆ ತಂದು ಮಾರುತಿ 800ರ ಬಾನೆಟ್ಟಿನೊಳಗೆ ಇಳಿಸಿದ್ದಾರೆ. ಆಯುಧಪೂಜೆಯ ಹಿಂದಿನ ದಿನ ಹುಡುಗರು ಮನೆ ಮುಂದೆ ಕಾರು ತೊಳೆಯುತ್ತಿದ್ದರೆ ಮಾವ ನಿಂತು ನೋಡುತ್ತಾರೆ. "ಮೇಲೆ ಶಾಂಪೂ ಹಾಕಿ ತಿಕ್ಕಿದ್ರೆ ಏನ್ ಬಂತೋ? ಒಳಗೆ ಏನೈತೆ ಅಂತ ಒಂದ್ಸಲನಾದ್ರೂ ನೋಡಿದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ.

ಇಂಥವರು ಪ್ರತಿ ಊರಲ್ಲೂ ಒಬ್ಬರಾದರೂ ಇರುತ್ತಾರೆ. ಬಸ್‌ಸ್ಟ್ಯಾಂಡಿನ ಪಕ್ಕವಾಗಲಿ, ಎಪಿಎಂಸಿ ಯಾರ್ಡಾಗಲಿ, ಕಲ್ಯಾಣಮಂಟಪದ ಹಿಂಭಾಗವಾಗಲಿ, ಬಾನೆಟ್ ಎತ್ತಿದ ಐದು ನಿಮಿಷದೊಳಗೆ ಹಾಜರು. ಜೇಬಿನಲ್ಲಿ ಕರವಸ್ತ್ರ ಇರಬೇಕಾದ ಕಡೆ ಹಳೇ ಬನಿಯನ್ ತುಂಡು. ಗಾಡಿಗೆ ಏನಾಯಿತು ಎಂದು ಕೇಳುವ ಪದ್ಧತಿ ಇಲ್ಲ, "ಎಷ್ಟು ಓಡೈತೆ?" ಎಂದೇ ಶುರು. ಐವತ್ತು ಸಾವಿರ ಎಂದರೆ "ಕಂಪನಿಗೆ ಒಯ್ಯಿ" ಎಂದು ಬೆನ್ನು ತಿರುಗಿಸುತ್ತಾರೆ. ಒಂದೂವರೆ ಲಕ್ಷ ದಾಟಿದೆ ಎಂದಿರೋ, ತೋಳು ಮಡಚಿದರು ಎಂದೇ ತಿಳಿಯಿರಿ. ಆಮೇಲೆ ನೀವು ಮದುವೆಗೆ ಹೊರಟವರಾದರೆ ಧಾರೆ ತಪ್ಪುತ್ತದೆ, ಪುಣ್ಯವಿದ್ದರೆ ಕೊನೇ ಪಂಕ್ತಿಯ ಊಟ ಸಿಗುತ್ತದೆ.

ಮಾವನದು 1998ರ ಮಾಡೆಲ್ಲು, ಬಿಳಿ ಬಣ್ಣ, ಬೆಳಗಿನ ಹೊತ್ತು ಚೋಕ್ ಎಳೆಯದೆ ಎದ್ದೇಳದ ಕಾರ್ಬುರೇಟರ್ ಗಾಡಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ನ್ನು ಕಂಪನಿ 2014ರಲ್ಲಿ ನಿಲ್ಲಿಸಿತು, ಮಾವ ನಿಲ್ಲಿಸಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಆಗಬೇಕಲ್ಲ, 2013ರಲ್ಲೂ 2018ರಲ್ಲೂ 2023ರಲ್ಲೂ "ನಾವು ಪಾಸಾದ್ವಿ" ಎಂದು ಬೀದಿಗೆಲ್ಲ ಪೇಢೆ ಹಂಚಿದರು. ಮೀಟರು 1,87,412ಕ್ಕೆ ನಿಂತಿತ್ತು. ಕೇಬಲ್ ತುಂಡಾಗಿ ಎಷ್ಟೋ ಮಳೆಗಾಲ ಕಳೆದಿದ್ದವು. ಅಲ್ಲಿಂದ ಮುಂದಿನದೆಲ್ಲ ಬಾಯಿಲೆಕ್ಕ: ಚಂದ್ರಗುತ್ತಿ ಜಾತ್ರೆಗೆ ಇಷ್ಟು, ಶಿವಮೊಗ್ಗದ ಆಸ್ಪತ್ರೆಗೆ ಇಷ್ಟು, ಸೊರಬದ ಅಕ್ಕನ ಮನೆಗೆ ಹೋಗಿ ಬಂದದ್ದು ಇಷ್ಟು. ಲೆಕ್ಕ ಎರಡು ಲಕ್ಷ ಮುಟ್ಟಿದ ದಿನ ಹುಚ್ಚರಾಯಸ್ವಾಮಿಗೆ ಕಾಯಿ ಒಡೆಸಿ ಬಂದರು. ಇಷ್ಟು ಲೆಕ್ಕ ಇಟ್ಟವರನ್ನು "ಆಯಿಲ್ ಚೇಂಜ್ ಮಾಡಿಸಿದ್ದು ಯಾವಾಗ ಮಾವ?" ಎಂದು ಕೇಳಿ ನೋಡಿ. ಆ ಪುಟ ಮಾತ್ರ ಹರಿದಿರುತ್ತದೆ.

ಅವರು ಆಯಿಲ್ ನೋಡುವುದನ್ನು ಹತ್ತಿರ ನಿಂತು ನೋಡಬೇಕು. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ಇಂಜಿನ್ ಆಫ್ ಮಾಡಿ ಒಂದು ಟೀ ಕುಡಿಯುವಷ್ಟು ಹೊತ್ತಾಗಿರಬೇಕು. ಆ ಟೀಯ ದುಡ್ಡು ಗಾಡಿಯವನದು. ಗೇಜ್ ಕಡ್ಡಿ ಎಳೆದು, ಬನಿಯನ್ ತುಂಡಿನಲ್ಲಿ ಒರೆಸಿ, ಪೂರ್ತಿ ಒಳಗೆ ಬಿಟ್ಟು, ಮತ್ತೆ ಎಳೆದು ಅಡ್ಡ ಹಿಡಿಯುತ್ತಾರೆ. ತುದಿಯ ಹನಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ, ತರಿ ಸಿಗುತ್ತದೋ ಎಂದು ಕಣ್ಣು ಮುಚ್ಚಿ ಯೋಚಿಸುತ್ತಾರೆ. ಪೆಟ್ರೋಲ್ ವಾಸನೆ ಬರುತ್ತದೋ ಎಂದು ಮೂಗಿಗೆ ಹಿಡಿಯುತ್ತಾರೆ. ಕೊನೆಗೆ ಟೀ ಅಂಗಡಿಯ ಪೇಪರ್ ತರಿಸಿ, ಅಡಿಕೆ ಧಾರಣೆಯ ಜಾಗ ನೋಡಿ ಒಂದು ಹನಿ ಬಿಡುತ್ತಾರೆ. ಅದು ಹರಡಿ ಮುಗಿಯುವ ತನಕ ಯಾರೂ ಉಸಿರೆತ್ತಬಾರದು. ನಡುವೆ ಕರಿ ಚುಕ್ಕೆ ಗಟ್ಟಿಯಾಗಿ ಕೂತು ಸುತ್ತ ತಿಳಿ ಎಣ್ಣೆ ಮಾತ್ರ ಹರಡಿದರೆ ಆಯಿಲ್ ಕಥೆ ಮುಗಿದಿದೆ ಎಂದು ತೀರ್ಪು. ಬೂದುಬಣ್ಣ ಅಂಚಿನವರೆಗೆ ಹದವಾಗಿ ಹೋದರೆ ಕೊಳೆ ಹೊರುವ ತ್ರಾಣ ಇನ್ನೂ ಇದೆ ಎಂದು. "ನೋಡಿಲ್ಲಿ, ಗೊರಬಲಿನ ಮೇಲೆ ಬಿಟ್ಟಿದ್ದು ಬೆಟ್ಟೆ ದಾಟಿ ರಾಶಿ ತನಕ ಬಂತು!" ಎಂದು ಮಾವ ಸಂಭ್ರಮಿಸುವಾಗ, ಅಂಗಡಿಯವನು ಅವತ್ತಿನ ರೇಟು ಓದುವ ಆಸೆ ಬಿಟ್ಟಿರುತ್ತಾನೆ.

ಪರೀಕ್ಷೆಯೇನೋ ಸರಿಯಾದದ್ದೇ. ಆಯಿಲ್ ಕಪ್ಪಗಾಯಿತೆಂದು ಗಾಬರಿ ಬೀಳುವವರಿಗೆ ಅವರು ಹೇಳುವುದೂ ಸರಿಯೇ. ಈಗಿನ ಆಯಿಲ್‌ಗಳಲ್ಲಿ ಕೊಳೆ ಬಿಡಿಸುವ ಡಿಟರ್ಜೆಂಟೂ, ಬಿಡಿಸಿದ್ದನ್ನು ಮತ್ತೆ ಕೂರಗೊಡದೆ ತೇಲಿಸಿಡುವ ಡಿಸ್ಪರ್ಸೆಂಟೂ ಬೆರೆತೇ ಬರುತ್ತವೆ. ಕೊಳೆ ಹೊತ್ತುಕೊಂಡ ಆಯಿಲ್ ಕಪ್ಪಗಾಗಲೇಬೇಕು. ಇಷ್ಟು ಬಲ್ಲ ಮನುಷ್ಯ, ಹಾಗೆ ಹೊತ್ತದ್ದನ್ನು ಇಳಿಸಿ ಹೊಸದು ಹಾಕಬೇಕು ಎನ್ನುವ ಹತ್ತಿರ ಬಂದಾಗ ಮಾತ್ರ ನಿಂತುಬಿಡುತ್ತಾರೆ. "ಇನ್ನೂ ಸ್ವಲ್ಪ ತೊಳೀಲಿ, ಅವಸರ ಏನು?" ಎನ್ನುತ್ತಾರೆ. ಅದೂ ಸಹಜವೇ. ತೊಳೆಯುವ ಆಯಿಲ್ ಬಗ್ಗೆ ಟೀ ಅಂಗಡಿಯಲ್ಲಿ ಒಂದು ಗಂಟೆ ಮಾತಾಡಬಹುದು. ಹೊತ್ತಿಗೆ ಸರಿಯಾಗಿ ಬದಲಾಯಿಸಿದ ಆಯಿಲ್ ಬಗ್ಗೆ ಏನಂತ ಮಾತಾಡುವುದು?

ಸೊರಬದಲ್ಲಿ ಮಾವನಿಗೆ ಒಬ್ಬ ಎದುರಾಳಿ ಇದ್ದಾರೆ. ಅಕ್ಕನ ಗಂಡನೇ ಆದ್ದರಿಂದ ಮಾತು ಬಿಡುವ ಹಾಗಿಲ್ಲ. ಅಡಿಕೆ, ಶುಂಠಿ, ಅನಾನಸ್ ಎಲ್ಲವನ್ನೂ ಹೊತ್ತು ಸವೆದ ಓಮ್ನಿ ಅವರದು. ಓಮ್ನಿಗೂ 800ಕ್ಕೂ ಇಂಜಿನ್ ಅದೇ ಮೂರು ಸಿಲಿಂಡರಿನ 796 ಸಿಸಿ; ಮತ ಮಾತ್ರ ಬೇರೆ. ಹಳೇ ಇಂಜಿನ್ನಿಗೆ ಕೈ ಹಾಕಲೇಬಾರದು ಎನ್ನುವುದು ಭಾವನ ಸಿದ್ಧಾಂತ. ಸವೆದ ಸಂದುಗೊಂದಿನಲ್ಲೆಲ್ಲ ಕೊಳೆ ತುಂಬಿಕೊಂಡೇ ಅದು ಗಟ್ಟಿ ನಿಂತಿದೆಯಂತೆ, ತೊಳೆದರೆ ಸೀಲೆಲ್ಲ ಬಿಚ್ಚಿಕೊಂಡು ಸೋರುತ್ತದಂತೆ. ಒಂದು ತಾಲ್ಲೂಕು ಬಂಗಾರಪ್ಪನವರನ್ನೂ ಇನ್ನೊಂದು ಯಡಿಯೂರಪ್ಪನವರನ್ನೂ ಗೆಲ್ಲಿಸಿ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂರಿಸಿ ಬಂದಿರುವುದರಿಂದ, ಇಲ್ಲಿ ಆಯಿಲ್ ವಿಚಾರಕ್ಕೂ ಆಡಳಿತ ಪಕ್ಷ, ವಿರೋಧ ಪಕ್ಷ ಇರಲೇಬೇಕು. ಆನವಟ್ಟಿಯ ಒಂದು ಮದುವೆಯಲ್ಲಿ ನಡೆದ ಅಧಿವೇಶನ ಹೀಗಿತ್ತು:

"ಭಾವ, ನಿಮ್ಮ ಗಾಡಿ ನೀಲಿ ಹೊಗೆ ಬಿಡ್ತೈತೆ. ಆಯಿಲ್ ಕುಡೀತಾ ಐತೆ. ರಿಂಗ್ ಹಿಡ್ಕೊಂಡೈತೆ, ತೊಳೀಬೇಕು."

"ಕುಡೀಲಿ ಬಿಡೋ ಮಾರಾಯ. ನಮ್ಮಪ್ಪನೂ ಕುಡೀತಿದ್ದ, ಎಂಬತ್ತೆರಡು ವರ್ಷ ಬದುಕಿದ. ಬಿಡಿಸಾಕೆ ಹೋದೋರೇ ಮೊದಲು ಹೋಗಿದ್ದು."

"ಹಂಗಂತ ಕೊಳೆ ಇಟ್ಕೊಂಡು ಎಷ್ಟು ದಿನ ಓಡ್ಸೋದು?"

"ಕೊಳೆ ಇರಾ ಹೊತ್ತಿಗೇ ಇಷ್ಟು ದಿನ ಓಡೈತೆ."

ಇಬ್ಬರ ಕೈಯಲ್ಲೂ ಅರ್ಧರ್ಧ ಸತ್ಯವಿದೆ. ಮನೆಯಿಂದ ಮಂಡಿಗೆ, ಮಂಡಿಯಿಂದ ದೇವಸ್ಥಾನಕ್ಕೆ ಓಡುವ ಗಾಡಿಯ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗೆ ಕಟ್ಟಿದ ತೇವ ಆರುವುದಿಲ್ಲ. ನಮ್ಮ ಮಳೆಗಾಲದಲ್ಲಂತೂ ಆಯಿಲ್ ಮುಚ್ಚಳ ತಿರುಗಿಸಿ ನೋಡಿದರೆ ಒಳಬದಿಯಲ್ಲಿ ಬಿಳಿ ನೊರೆ ಮೆತ್ತಿರುತ್ತದೆ. ಆ ತೇವ, ಅರೆಬರೆ ಉರಿದ ಪೆಟ್ರೋಲು, ಕುದ್ದು ಕುದ್ದು ಕೆಟ್ಟ ಆಯಿಲ್ ಎಲ್ಲ ಸೇರಿ ಮಡ್ಡಿಯಾಗುತ್ತದೆ. ಪಿಸ್ಟನ್ನಿನ ರಿಂಗು ಸಂದಿಯಲ್ಲಿ ಇಂಗಾಲ ಕೂತು ರಿಂಗು ಹಿಡಿದುಕೊಂಡರೆ ಆಯಿಲ್ ಮೇಲೇರಿ ಉರಿದು ನೀಲಿ ಹೊಗೆಯಾಗುತ್ತದೆ. ಹಾಗಾಗಿ ತೊಳೆಯಬೇಕು ಎನ್ನುವ ಮಾವ ಸುಳ್ಳು ಹೇಳುತ್ತಿಲ್ಲ. ಆದರೆ ಒಂದೇ ಏಟಿಗೆ ಕಿತ್ತರೆ ಆ ಮಡ್ಡಿ ಎಲ್ಲಿಗೆ ಹೋಗಬೇಕು ಎನ್ನುವ ಭಾವನ ಅಂಜಿಕೆಯೂ ಸುಳ್ಳಲ್ಲ. ಸೀಲಿನ ವಿಚಾರದಲ್ಲಿ ಮಾತ್ರ ಭಾವನ ವಾದ ನಿಲ್ಲುವುದಿಲ್ಲ. ವಯಸ್ಸಾದ ರಬ್ಬರು ಮೊದಲೇ ಮರಗಟ್ಟಿರುತ್ತದೆ; ಕೊಳೆ ಅದನ್ನು ಮುಚ್ಚಿಟ್ಟಿರುತ್ತದೆ, ತೊಳೆದಾಗ ಗುಟ್ಟು ಬಯಲಾಗುತ್ತದೆ.

ಭಾವನ ಅಂಜಿಕೆ ನಿಜ ಮಾಡಿ ತೋರಿಸಿದವರು ಮಾವನೇ. ರೇಷನ್ನಿನಲ್ಲಿ ನೀಲಿ ಸೀಮೆಎಣ್ಣೆ ಇನ್ನೂ ಸಿಗುತ್ತಿದ್ದ ಕಾಲ. ಅತ್ತೆ ಸ್ಟೌವಿಗೆಂದು ಇಟ್ಟಿದ್ದ ಕ್ಯಾನಿನಿಂದ ಒಂದು ಲೀಟರ್ ಎತ್ತಿ ಇಂಜಿನ್ನಿಗೆ ಸುರಿದು ಹತ್ತು ನಿಮಿಷ ಐಡ್ಲಿಂಗ್ ಬಿಟ್ಟರು. ಇಳಿಸಿದಾಗ ಬಂದ ಕರಿ ನೀರು ನೋಡಲು ಬೀದಿಯವರನ್ನೆಲ್ಲ ಕರೆದರು. ಹೊಸ ಆಯಿಲ್ ಹಾಕಿ, ಭಾವನಿಗೆ ಇಂಜಿನ್ ಸದ್ದು ಕೇಳಿಸಲೆಂದೇ ಸೊರಬದ ದಾರಿ ಹಿಡಿದರು. ಶಿರಾಳಕೊಪ್ಪ ಇನ್ನೂ ಬಂದಿರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಲೈಟು ಕೆಂಪಗೆ ಹೊತ್ತಿಕೊಂಡಿತು.

ಶಿರಾಳಕೊಪ್ಪದ ಗ್ಯಾರೇಜಿನ ಭಾಯಿ ಗಾಡಿ ಎಳೆಸಿ ತಂದು, ಸಂಪ್ ಬಿಚ್ಚಿ, ಆಯಿಲ್ ಪಂಪಿನ ಜಾಲರಿ ತೆಗೆದು ಮಾವನ ಅಂಗೈಯಲ್ಲಿಟ್ಟ. ಜಾಲರಿಯ ಒಂದು ಕಣ್ಣೂ ಬಯಲಿರಲಿಲ್ಲ. ಕಷಾಯ ಸೋಸಿದ ಬಟ್ಟೆಯಲ್ಲಿ ಉಳಿಯುವ ಗಸಿಯ ಹಾಗೆ ಕರ್ರಗೆ ಮೆತ್ತಿತ್ತು. "ಯಜಮಾನ್ರೇ, ಇಷ್ಟು ವರ್ಷದ ಕೊಳೇನ ಹತ್ತು ನಿಮಿಷದಾಗೆ ಹೊರಗೆ ಬಾ ಅಂದ್ರೆ ಹೆಂಗ್ ಬರ್ತದೆ? ಎಲ್ಲಾ ಒಟ್ಟಿಗೆ ಬಂದು ಬಾಗಿಲಾಗೇ ಸಿಕ್ಕಾಕ್ಕೊಂಡೈತೆ" ಎಂದ. ಗಾಡಿ ಅವತ್ತು ಸೊರಬ ಮುಟ್ಟಲಿಲ್ಲ, ಸುದ್ದಿ ಮುಟ್ಟಿತು. ಮನೆಯಲ್ಲಿ ಇಳಿಸಿದ್ದ ಕರಿ ಆಯಿಲ್ಲನ್ನೂ ಮಾವ ಚೆಲ್ಲಲಿಲ್ಲ. ವರಲೆ ಹತ್ತಬಾರದೆಂದು ಕೊಟ್ಟಿಗೆ ಕಂಬ, ಹಿತ್ತಿಲ ಬಾಗಿಲು, ಬೇಲಿ ಗೂಟಕ್ಕೆಲ್ಲ ಬಳಿದರು. "ಇವ್ರು ಕಾರು ತೊಳೆದ ಹಾಗೆಲ್ಲ ನನ್ನ ಮನೆ ಕಪ್ಪಾಗ್ತಾ ಹೋಗ್ತದೆ" ಎನ್ನುವುದು ಅತ್ತೆಯ ದೂರು.

ಆಮೇಲೆ ಅಮೆರಿಕದ ಅಧ್ಯಾಯ. ಅಲ್ಲಿರುವ ಅಣ್ಣನ ಮಗ ಫೋನಿನಲ್ಲಿ ಒಂದು ಮಾತು ಬಿಟ್ಟ: ಅಲ್ಲಿ ಬಹಳ ಓಡಿದ ಗಾಡಿಗಳಿಗೆಂದೇ ಬೇರೆ ಆಯಿಲ್ ಇದೆ. ವಾಲ್ವೊಲಿನ್ ಕಂಪನಿ 2000ದಲ್ಲಿ ಮ್ಯಾಕ್ಸ್‌ಲೈಫ್ ಎಂಬುದನ್ನು ತಂದದ್ದು ಎಪ್ಪತ್ತೈದು ಸಾವಿರ ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ಕಿಲೋಮೀಟರ್, ದಾಟಿದ ಕಾರುಗಳಿಗೆ. ಮರಗಟ್ಟಿದ ಸೀಲನ್ನು ಮೆತ್ತಗಾಗಿಸುವ ಅಂಶವೂ ಅದರಲ್ಲಿರುತ್ತದೆ. ಈಚೆಗೆ ಪಿಸ್ಟನ್ನಿಗೆ ಅಂಟಿದ ಇಂಗಾಲವನ್ನು ಓಡುತ್ತ ಓಡುತ್ತಲೇ, ಒಂದಾದ ಮೇಲೊಂದು ಆಯಿಲ್ ಚೇಂಜಿನಲ್ಲಿ ಬಿಡಿಸುತ್ತೇವೆ ಎನ್ನುವ ಆಯಿಲ್‌ಗಳೂ ಬಂದಿವೆ. ಮಾವನ ಕಣ್ಣು ತೇವವಾಯಿತು. "ನೋಡಿದ್ರಾ? ಹಿರಿಯರಿಗೆ ಮರ್ಯಾದೆ ಅಂದ್ರೆ ಅದು!"

ಎಲ್ಲೆಲ್ಲೋ ವಿಚಾರಿಸಿ ಬೆಂಗಳೂರಿನಿಂದ ಅಂಥ ಒಂದು ಕ್ಯಾನು ತರಿಸಿದರು. ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ಅಲ್ಲಿಂದ ಅದು ಹೋದದ್ದು ಬೀರುವಿಗೆ, ರೇಷ್ಮೆ ಸೀರೆಗಳ ಪಕ್ಕಕ್ಕೆ. ಯಾಕೆ ಎಂದರೆ, "ಅಷ್ಟು ದುಬಾರಿ ಆಯಿಲ್ಲನ್ನ ಈ ಹೊಲಸು ಇಂಜಿನ್ನಿಗೆ ಸುರಿಯೋದಾ? ಮೊದಲು ಒಳಗೆಲ್ಲ ಕ್ಲೀನಾಗ್ಲಿ."

ಅಂದರೆ ಕೊಳೆ ತೊಳೆಯುವ ಆಯಿಲ್, ಇಂಜಿನ್ನಿನ ಕೊಳೆ ಹೋಗಲಿ ಎಂದು ಬೀರುವಿನಲ್ಲಿ ಕಾದು ಕೂತಿತು.

ಕ್ಲೀನ್ ಮಾಡುವ ದಾರಿ ಕೇಳಲು ಭಾಯಿಯ ಹತ್ತಿರ ಹೋದಾಗ ಅವನು ಹೇಳಿದ್ದು ಬಹಳ ಸಪ್ಪೆಯಾಗಿತ್ತು. "ಮಾಮೂಲಿ 20ಡಬ್ಲ್ಯೂ-40 ಸಾಕು. ಸುಮಾರು ಮೂರು ಲೀಟರ್ ಹಿಡೀತದೆ. ಎರಡು ಸಾವಿರ ಕಿಲೋಮೀಟರಿಗೆ ಒಂದ್ಸಲ ಇಳಿಸಿ, ಫಿಲ್ಟರೂ ಚೇಂಜ್ ಮಾಡೋಣ. ಹಂಗೆ ಮೂರು ಸಲ. ಆಮೇಲೆ ಐದು ಸಾವಿರಕ್ಕೊಂದ್ಸಲ. ನಿಧಾನಕ್ಕೆ ಬಿಟ್ಟ ಕೊಳೆ ಫಿಲ್ಟರಾಗೆ ಹೋಗಿ ಕೂರ್ತದೆ." ಎರಡು ಸಾವಿರ ಆದದ್ದು ಗೊತ್ತಾಗಬೇಕಲ್ಲ, ಮೀಟರಿನ ಕೇಬಲನ್ನೂ ಹಾಕಿಕೊಟ್ಟ. ಮೀಟರು 1,87,412ರಿಂದ ಮತ್ತೆ ಓಡತೊಡಗಿತು. ಎರಡು ಲಕ್ಷಕ್ಕೆ ಒಡೆಸಿದ ಕಾಯಿ ವ್ಯರ್ಥವಾಯಿತೆಂದು ಮಾವ ಎರಡು ದಿನ ಊಟ ಬಿಟ್ಟರು.

ಲೆಕ್ಕ ಇಟ್ಟವರು ಅತ್ತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆಯುವ ಕಡೆಯೇ ಮೀಟರಿನ ಅಂಕಿಯನ್ನೂ ಬರೆದರು. ಎರಡು ಸಾವಿರ ತುಂಬಿತೋ, "ರೀ, ಶಿರಾಳಕೊಪ್ಪಕ್ಕೆ ಹೋಗಿ ಬನ್ನಿ" ಎಂದು ಚೀಲ ಕೈಗಿಟ್ಟರು. ಸಂತೆಯ ಸಾಮಾನೂ ಬಂದಂತಾಯಿತು. ಮೂರನೇ ಸಲ ಆಯಿಲ್ ಇಳಿಸುವ ಹೊತ್ತಿಗೆ ಬೆಳಗಿನ ಟ್ಯಾಪೆಟ್ ಸದ್ದು ತಗ್ಗಿತ್ತು. ನಡುನಡುವೆ ಟಾಪ್‌ಅಪ್ ಹಾಕುವುದೂ ಕಮ್ಮಿಯಾಗಿತ್ತು.

ಟೀ ಅಂಗಡಿಯಲ್ಲಿ ಮಾವ ಇದರ ಕಾರಣ ವಿವರಿಸಿದರು. "ಎಲ್ಲಾ ಆ ಅಮೆರಿಕದ ಆಯಿಲ್ ಮಹಿಮೆ."

"ಹಾಕಿಬಿಟ್ರಾ ಮಾವ?"

"ಹಾಕೋದ್ಯಾಕೆ? ಅಂಥದ್ದೊಂದು ಮನೇಲೈತೆ ಅಂದ್ರೆ ಸಾಕು, ಇಂಜಿನ್ನಿಗೆ ಒಂದು ಭಯ ಇರ್ತದೆ."

ದೀಪಾವಳಿಗೆ ಬಂದ ಸೊರಬದ ಭಾವನಿಗೆ ಬೀರು ತೆಗೆದು ಕ್ಯಾನು ತೋರಿಸಿದರು. ಭಾವ ಅದನ್ನು ಕೈಯಲ್ಲಿ ತೂಗಿ, ಮುಚ್ಚಳದ ಸೀಲು ಒಡೆದಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಭಾವಮೈದುನನ ಮಾತಿಗೆ ತಲೆಯಾಡಿಸಿದರು.

"ಇದು ಒಳ್ಳೇ ಆಯಿಲ್ ನೋಡು ಮಾರಾಯ. ಕೊಳೆ ಕದಡಲ್ಲ. ನಂಗೂ ಒಂದು ತರಿಸು, ನಮ್ಮ ಬೀರುನಾಗೂ ಇಡಾಣ."