ಖಾಲಿಪೀಠ ಮೀಮಾಂಸೆ

ಕಲಾವಿಮರ್ಶಕರು ಇಷ್ಟು ಕಾಲ ಮೂರ್ತಿಯ ಮುಖ ನೋಡಿಕೊಂಡೇ ಪುಟ ತುಂಬಿಸಿದರು. ಕಾಲಡಿಯ ಕಲ್ಲುಕಟ್ಟೆಯತ್ತ ಒಬ್ಬರೂ ಬಗ್ಗಿ ನೋಡಲಿಲ್ಲ. ಈ ಮಹಾಪ್ರಮಾದವನ್ನು ತಿದ್ದಲೆಂದೇ ಪೀಠಶಾಸ್ತ್ರವೆಂಬ ಹೊಸ ಜ್ಞಾನಶಾಖೆಯನ್ನು ಇಲ್ಲಿ ಉದ್ಘಾಟಿಸಲಾಗಿದೆ. ಅಧ್ಯಯನಕ್ಷೇತ್ರ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ. ಬೆಂಗಳೂರಿನ ಸೋದರನಗರಿ ಎಂಬ ಮಮತೆಯಿಂದಲ್ಲ. ಖಾಲಿ ಪೀಠಗಳ ಬೆಳೆ ಅಲ್ಲಿ ಹುಲುಸಾಗಿದೆ ಎಂಬ ಶುದ್ಧ ವೈಜ್ಞಾನಿಕ ಕಾರಣಕ್ಕೆ.

ಶಾಸ್ತ್ರಸಂಪ್ರದಾಯದಂತೆ ಮೊದಲು ಅಧಿಕಾರಿ ನಿರೂಪಣೆ. ಆ ಊರಿನ ಕಲಾ ಆಯೋಗ 1932ರಲ್ಲಿ ಹುಟ್ಟಿದ್ದು. ಸದಸ್ಯರು 15 ಜನ, ಎಲ್ಲರೂ ಮೇಯರ್ ನೇಮಿಸಿದವರು. 11 ಮಂದಿ ವಾಸ್ತುಶಿಲ್ಪ, ರಂಗಭೂಮಿ, ಚಿತ್ರಕಲೆ, ಸಾಹಿತ್ಯ ಮೊದಲಾದವುಗಳಲ್ಲಿ ಪಳಗಿದವರು. ಉಳಿದ ನಾಲ್ವರು ಸಾಮಾನ್ಯ ನಾಗರಿಕರು. ನಾಲ್ಕು ಜನಕ್ಕಾದರೂ ಅರ್ಥವಾಗದಿದ್ದರೆ ಸಭೆ ಬೇಗ ಮುಗಿದೀತು ಎಂಬ ದೂರದೃಷ್ಟಿ ಇದ್ದಿರಬೇಕು. 1969ರಿಂದ ಅಲ್ಲಿ ಇನ್ನೊಂದು ಕಟ್ಟಳೆಯೂ ಇದೆ: ನಗರಾಡಳಿತ ಏನು ಕಟ್ಟಿಸಿದರೂ ಕಾಮಗಾರಿ ವೆಚ್ಚದ ಶೇಕಡಾ 2 ಕಲೆಗೆ ಮೀಸಲು. ಕಾಮಗಾರಿಯಲ್ಲಿ ಶೇಕಡಾವಾರು ಎಂದೊಡನೆ ಕನ್ನಡ ಓದುಗರ ಮನಸ್ಸು ಎಲ್ಲಿಗೆ ಓಡುತ್ತದೆಂದು ಪ್ರಬಂಧಕಾರನಿಗೆ ಗೊತ್ತು. ಇದು ಅದಲ್ಲ, ಇದಕ್ಕೆ ರಸೀದಿ ಉಂಟು.

ಇನ್ನು ಮೂಲಸೂತ್ರ: ಪೀಠಂ ನಿತ್ಯಂ, ಮೂರ್ತಿರನಿತ್ಯಾ.

ಭಾಷ್ಯ. 2020ರ ಜೂನ್ 18ರ ನಸುಕಿನಲ್ಲಿ ಕಾಯ್ಟ್ ಟವರ್ ಬಳಿಯ ಕೊಲಂಬಸನನ್ನು ನಗರಾಡಳಿತವೇ ಕ್ರೇನ್ ತಂದು ಇಳಿಸಿತು. ಪ್ರತಿಭಟನಕಾರರು ಅವನನ್ನು ಕೊಲ್ಲಿಗೆ ಎಸೆಯುತ್ತಾರೆಂಬ ಸುದ್ದಿಯಿತ್ತು. ಮರುದಿನ ರಾತ್ರಿ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಜನರೇ ಹಗ್ಗ ಬಿಗಿದು ಪಾದ್ರಿ ಸೆರಾ, ಜನರಲ್ ಗ್ರಾಂಟ್, ರಾಷ್ಟ್ರಗೀತೆ ಬರೆದ ಫ್ರಾನ್ಸಿಸ್ ಸ್ಕಾಟ್ ಕೀ ಈ ಮೂವರನ್ನೂ ಉರುಳಿಸಿದರು. ಠರಾವಿಲ್ಲ, ಉಪಸಮಿತಿಯಿಲ್ಲ, ಕೋರಂ ಇತ್ತೋ ಇಲ್ಲವೋ ಲೆಕ್ಕ ಹಾಕಿದವರಿಲ್ಲ. ಪೀಠಗಳು ಮಾತ್ರ ಅಲುಗಲಿಲ್ಲ.

ಮೂರ್ತಿಗಳು ಬಿದ್ದ ಅದೇ ವರ್ಷ ಆಯೋಗದ ನಿರ್ದೇಶಕರ ಪೀಠದಲ್ಲೂ ಕಾಯಂ ಮೂರ್ತಿ ಇರಲಿಲ್ಲ ಎಂಬುದನ್ನು ಹಿಂದಿನ ಪಂಡಿತರು ಗಮನಿಸಿಲ್ಲ. ಟಾಮ್ ಡಿಕೇಗ್ನಿ ವರ್ಷಾರಂಭದಲ್ಲಿ ಇಳಿದರು. ರಾಲ್ಫ್ ರೆಮಿಂಗ್ಟನ್ ಅರಿಜೋನಾದ ಟೆಂಪಿ ನಗರದಿಂದ ಬಂದು ಕೂತದ್ದು 2021ರ ಜನವರಿಯಲ್ಲಿ. ನಡುವೆ ನಡೆದದ್ದು ಪ್ರಭಾರ. ಸರ್ಕಾರ ಬದಲಾದಾಗಲೆಲ್ಲ ಅಕಾಡೆಮಿಗಳ ಕುರ್ಚಿಗೆ ಧೂಳು ಕೂರುವುದನ್ನು ಕಂಡ ನಮಗೆ ಪ್ರಭಾರದ ಮಹಿಮೆ ಹೇಳಬೇಕಾಗಿಲ್ಲ. ಸೋದರನಗರಿಗಳ ಭೇದವಿಷ್ಟೆ: ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ 1991ರಿಂದ 2009ರವರೆಗೆ ಪೀಠದ ಮೇಲೆ ಇದ್ದೂ ಮುಸುಕು ಹೊದ್ದು ಕಾಣದಂತಿತ್ತು, ಅಲ್ಲಿ ಮುಸುಕಿಲ್ಲ, ಒಳಗಿನವರೇ ಇಲ್ಲ.

ವಿಸರ್ಜನಾವಿಧಿಯನ್ನು ತುಸು ವಿಸ್ತರಿಸಬೇಕು. ನಾವು ಗಣಪತಿಯನ್ನು ಐದನೇ ದಿನಕ್ಕೋ ಒಂಬತ್ತನೇ ದಿನಕ್ಕೋ ತಮಟೆ ಬಡಿದು ಕೆರೆಗೆ ಬಿಡುತ್ತೇವೆ. ಅಲ್ಲಿ ದಶಕಗಳು ಬೇಕು. 1894ರ ಪಯೊನೀರ್ ಸ್ಮಾರಕದ ಒಂದು ಬದಿಯಲ್ಲಿ 'ಅರ್ಲಿ ಡೇಸ್' ಎಂಬ ಕಂಚಿನ ಗುಂಪಿತ್ತು: ನೆಲಕ್ಕೊರಗಿದ ಮೂಲನಿವಾಸಿ, ಅವನ ಮೇಲೆ ಬಾಗಿ ಆಕಾಶದತ್ತ ಬೆರಳು ತೋರುವ ಪಾದ್ರಿ, ಪಕ್ಕದಲ್ಲಿ ಗೆದ್ದ ಗತ್ತಿನ ದನಗಾಹಿ. ಮೂಲನಿವಾಸಿಗಳು ಇದು ಅವಮಾನ ಎಂದರು. 1990ರ ದಶಕದಲ್ಲಿ ಅವರಿಗೆ ಸಿಕ್ಕ ಪರಿಹಾರ ಒಂದು ವಿವರಣಾ ಫಲಕ. 2018ರ ಮಾರ್ಚಿನಲ್ಲಿ ಆಯೋಗ ತೆಗೆಯಲು ಒಪ್ಪಿತು. ಏಪ್ರಿಲ್‌ನಲ್ಲಿ ಮೇಲ್ಮನವಿ ಮಂಡಳಿ ಬೇಡವೆಂದಿತು. ಸೆಪ್ಟೆಂಬರಿನಲ್ಲಿ ಅದೇ ಮಂಡಳಿ ಆಗಲಿ ಎಂದಿತು. 14ನೇ ತಾರೀಖು ಬೆಳಕು ಹರಿಯುವ ಮೊದಲೇ ಲಾರಿ ಬಂತು. ಕೊಲಂಬಸನದೂ ಇದೇ ವೇಳೆ. ವಿಸರ್ಜನೆಗೆ ಬ್ರಾಹ್ಮೀ ಮುಹೂರ್ತವೇ ಪ್ರಶಸ್ತ ಎಂಬ ನಿಯಮ ಇದರಿಂದ ಸಿದ್ಧವಾಗುತ್ತದೆ.

ಆವಾಹನೆಯಾದರೂ ಸಲೀಸೇ? ನಗರದ 87 ಸಾರ್ವಜನಿಕ ಪ್ರತಿಮೆಗಳಲ್ಲಿ ನಿಜವಾಗಿ ಬದುಕಿದ್ದ ಹೆಂಗಸರದು ಬರೀ ಎರಡು ಎಂದು ಆಗಿನ ಪತ್ರಿಕೆಗಳು ಎಣಿಸಿದ್ದವು. ನ್ಯಾಯದೇವತೆ, ಜಯಲಕ್ಷ್ಮಿಯಂಥವರು ಧಾರಾಳ, ಹೆಸರಿದ್ದವರು ವಿರಳ. ಹಾಗಾಗಿ ಮುಖ್ಯ ಗ್ರಂಥಾಲಯದ ಮುಂದೆ ಲೇಖಕಿ ಮಾಯಾ ಏಂಜೆಲೋ ಸ್ಮಾರಕ ಎಂದು ತೀರ್ಮಾನವಾಯಿತು. ಅರ್ಜಿ ಕರೆದರು, ಆಯ್ಕೆ ಸಮಿತಿ ಕೂತಿತು, 2019ರಲ್ಲಿ ಲಾವಾ ಥಾಮಸ್ ಎಂಬ ಕಲಾವಿದೆಯ ವಿನ್ಯಾಸ ಮೇಲೆ ಬಂತು. ಒಂಬತ್ತು ಅಡಿಯ ಕಂಚಿನ ಪುಸ್ತಕ, ಅದರ ಮೇಲೆ ಏಂಜೆಲೋ ಮುಖ. ಬರೆದು ಬದುಕಿದವಳಿಗೆ ಪುಸ್ತಕವೇ ಮೈ ಎಂಬ ಈ ಸರಳ ಯೋಚನೆ ಸ್ಮಾರಕಕ್ಕೆ ಮುಂದಾಳಾಗಿದ್ದ ನಗರಸಭಾ ಸದಸ್ಯೆಗೆ ರುಚಿಸಲಿಲ್ಲ. ಕೈಕಾಲಿರುವ ಸಾಂಪ್ರದಾಯಿಕ ಪ್ರತಿಮೆಯೇ ಬೇಕು ಎಂದರು. ಆಯ್ಕೆ ರದ್ದು, ಮತ್ತೆ ಅರ್ಜಿ. ಆ ಹೊತ್ತಿಗೆ 2020 ಬಂತು, ಊರಿನ ಗಾಳಿ ತಿರುಗಿತು. ಎರಡನೇ ಸುತ್ತೂ ರದ್ದು, ಥಾಮಸ್‌ಗೆ ಕ್ಷಮಾಪಣೆ, ಮೊದಲು ಬೇಡವಾದ ಅದೇ ಪುಸ್ತಕಕ್ಕೆ ಮರು ಆದೇಶ. ಅನಾವರಣ ಆದದ್ದು 2024ರ ಸೆಪ್ಟೆಂಬರಿನಲ್ಲಿ. ಒಂದೇ ಕೃತಿಯನ್ನು ಎರಡು ಸಲ ಆರಿಸಿ ನಡುವೆ ಒಮ್ಮೆ ತಿರಸ್ಕರಿಸುವ ಈ ಕ್ರಮವನ್ನು ಪೀಠಶಾಸ್ತ್ರದಲ್ಲಿ 'ಪುಟಪಾಕ' ಎನ್ನಬಹುದು.

ಶೌಚಾಲಯವನ್ನೂ ಬಿಡುವಂತಿಲ್ಲ. ನಗರದ ಜಾಗದಲ್ಲಿ ಏನು ಎದ್ದರೂ ಆಗ ಅದರ ವಿನ್ಯಾಸವನ್ನು ಆಯೋಗದ ಸಮಿತಿ ನೋಡಬೇಕಿತ್ತು. 2022ರಲ್ಲಿ ನೋಯಿ ವ್ಯಾಲಿ ಬಡಾವಣೆಯ ಒಂದೇ ಒಂದು ಶೌಚಾಲಯಕ್ಕೆ 17 ಲಕ್ಷ ಡಾಲರ್ ಅಂದಾಜಾದಾಗ, ಅದು ದಾಟಬೇಕಿದ್ದ ಹೊಸ್ತಿಲುಗಳಲ್ಲಿ ಇದೂ ಒಂದಾಗಿತ್ತು. ಅದೂ ಪೀಠವೇ ತಾನೆ.

ಇಲ್ಲಿ ಪೂರ್ವಪಕ್ಷ: ಪೀಠವೇ ಇಲ್ಲದ ಕೃತಿಗೆ ಏನು ಗತಿ? ಎಂಬಾರ್ಕಡೆರೊ ಚೌಕದಲ್ಲಿ 1971ರಲ್ಲಿ ನಿಂತ ವ್ಯಾಯನ್‌ಕೂರ್ ಕಾರಂಜಿ ನೆಲದಿಂದಲೇ ಎದ್ದದ್ದು: ಚೌಕಾಕಾರದ ಕಾಂಕ್ರೀಟ್ ಕೊಳವೆಗಳು ಅಡ್ಡಾದಿಡ್ಡಿ ಚಾಚಿಕೊಂಡ 40 ಅಡಿಯ ಗೋಜಲು. ಕ್ವಿಬೆಕ್‌ನ ಶಿಲ್ಪಿ ಅರ್ಮಾಂ ವ್ಯಾಯನ್‌ಕೂರ್ ಉದ್ಘಾಟನೆಯ ದಿನವೇ ನೀರಿಗಿಳಿದು ತನ್ನ ಕೃತಿಯ ಮೇಲೆ ಕ್ವಿಬೆಕ್ ಸ್ವಾತಂತ್ರ್ಯದ ಘೋಷಣೆ ಬಳಿದ. 1987ರಲ್ಲಿ ಯು2 ತಂಡದ ಬೋನೊ ಅದರ ಮೇಲೇರಿ ಬಣ್ಣ ಸಿಂಪಡಿಸಿದಾಗ ಊರು ಗದರಿತು, ಶಿಲ್ಪಿ ಮಾತ್ರ ಗಾಯಕನ ಪರ ನಿಂತ.

ಸಿದ್ಧಾಂತ: ಅದಕ್ಕೂ ಪೀಠವಿತ್ತು, ಆದರೆ ಬೆನ್ನ ಹಿಂದೆ. ಎರಡಂತಸ್ತಿನ ಮೇಲುರಸ್ತೆಯೊಂದು ಅಲ್ಲಿ ಗುಡುಗುತ್ತಿತ್ತು. ಅದರ ಅಬ್ಬರಕ್ಕೆ ಎದುರುತ್ತರವಾಗಿಯೇ ಆ ಗಾತ್ರ, ಆ ಜಲಘೋಷ. 1989ರ ಭೂಕಂಪದಿಂದ ಜಖಂಗೊಂಡ ರಸ್ತೆಯನ್ನು 1991ರಲ್ಲಿ ಕೆಡವಿದ ಮೇಲೆ ಜಗಳಕ್ಕೆ ಎದುರಾಳಿಯೇ ಇಲ್ಲದೆ ಕಾರಂಜಿ ಒಂಟಿಯಾಗಿ ಕೂಗಾಡುವವನಂತೆ ಕಂಡಿತು. ಪಂಪುಗಳು ಕೆಟ್ಟವು, ನೀರು ನಿಂತಿತು, 2025ರಲ್ಲಿ ಸುತ್ತ ಬೇಲಿ ಬಂತು. 95 ದಾಟಿದ ಶಿಲ್ಪಿ ಆ ವಯಸ್ಸಿನಲ್ಲೂ ಅಲ್ಲಿಗೆ ಬಂದು ಉಳಿಸಿ ಎಂದು ಕೇಳಿಕೊಂಡ. ನವೆಂಬರಿನಲ್ಲಿ ಆಯೋಗ ಅದನ್ನು ಸಂಗ್ರಹದಿಂದ ಕೈಬಿಡಲು ಬಹುಮತದಿಂದ ಒಪ್ಪಿತು. ಸೂತ್ರಕ್ಕೆ ಇದರಿಂದ ಬಾಧೆಯಿಲ್ಲ ಎಂದು ಬರೆಯುವಾಗ ಪ್ರಬಂಧಕಾರನಿಗೆ ತನ್ನ ಸೂತ್ರದ ಮೇಲೇ ಕೊಂಚ ಸಿಟ್ಟು ಬಂದದ್ದುಂಟು.

ಖಾಲಿ ಪೀಠದ ಸದ್ಬಳಕೆಗೂ ಒಂದು ನಿದರ್ಶನವಿದೆ. 2021ರಲ್ಲಿ ಡೇನಾ ಕಿಂಗ್ ಎಂಬ ಶಿಲ್ಪಿ, ಗುಲಾಮರ ಒಡೆಯನಾಗಿದ್ದ ಕೀಯ ಬರಿದಾದ ಪೀಠದ ಸುತ್ತ 350 ಕಪ್ಪು ಆಕೃತಿಗಳನ್ನು ನಿಲ್ಲಿಸಿದಳು. 1619ರಲ್ಲಿ ಆಫ್ರಿಕಾದಿಂದ ಒಂದೇ ಹಡಗಿಗೆ ತುಂಬಿದ ಬಂದಿಗಳ ನೆನಪಿಗೆ. ಅವರು ಸುಮ್ಮನೆ ನಿಂತು ಆ ಕಟ್ಟೆಯನ್ನು ನೋಡುತ್ತಿದ್ದರು. ಇದಕ್ಕೆ ಭಾಷ್ಯ ಬರೆಯಹೋಗಬಾರದು.

ಕಡೆಯದಾಗಿ ನಿರ್ದೇಶಕರ ವಿಷಯ. ರೆಮಿಂಗ್ಟನ್ 2025ರಲ್ಲಿ ಹೊರನಡೆದರು. ಪೀಠ ತೆರವಾದರೆ ಇನ್ನೊಬ್ಬರನ್ನು ಕೂರಿಸುವುದು ಲೋಕರೂಢಿ. ಹೊಸ ಮೇಯರ್ ಡೇನಿಯಲ್ ಲೂರಿ ಅಷ್ಟಕ್ಕೇ ನಿಲ್ಲಲಿಲ್ಲ. ಕಲಾ ಆಯೋಗ, ಕಲೆಗೆ ಅನುದಾನ ಹಂಚುವ ಕಚೇರಿ, ಸಿನಿಮಾ ಕಚೇರಿ ಮೂರನ್ನೂ ನೋಡಿಕೊಳ್ಳುವ ಹೊಸ ಹುದ್ದೆಯೊಂದನ್ನು ಘೋಷಿಸಿದರು. ಅಧಿಷ್ಠಾನದ ಕೆಳಗೆ ಉಪಪೀಠ ಇಡುವ ಕ್ರಮವನ್ನು ಶಿಲ್ಪಶಾಸ್ತ್ರದ ಹಳೆಯ ಗ್ರಂಥ 'ಮಾನಸಾರ' ಅಧ್ಯಾಯವಿಟ್ಟು ವಿವರಿಸುತ್ತದೆ. ಖಾಲಿ ಪೀಠದ ಮೇಲೆ ಮತ್ತೊಂದು ಖಾಲಿ ಪೀಠ ಇಡುವ ಅಳತೆ ಮಾತ್ರ ಯಾವ ಶಿಲ್ಪಶಾಸ್ತ್ರದಲ್ಲೂ ಇಲ್ಲ. ಅದಕ್ಕೆ ಅರ್ಜಿ ಕರೆದರು.