ಬಂಟ್ವಾಳದ ಧ್ರುವಪ್ರಭೆ

2024ರ ಮೇ 10ರ ರಾತ್ರಿ ಸೌರ ಬಿರುಗಾಳಿಯ ದೆಸೆಯಿಂದ ಲಡಾಖಿನ ಹಾನ್ಲೆಯಲ್ಲಿ ಬಾನು ಕೆಂಪೇರಿತು. ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾ ಅದನ್ನು ಹಿಡಿಯಿತು. ಪಟ ನೋಡಿದ್ದೇ ತಡ, ಬಂಟ್ವಾಳದ ನಮ್ಮ ಭಾವ ಟ್ರೈಪಾಡ್ ಹೊತ್ತು ಗದ್ದೆಗಿಳಿದರು.

"ಭಾವ, ಹಾನ್ಲೆ ಇರುವುದು ಸುಮಾರು 33 ಡಿಗ್ರಿ ಉತ್ತರದಲ್ಲಿ. ನಾವು 13ರಲ್ಲಿ."

"ಇರಲಿ ಮಾರಾಯ, ಕ್ಯಾಮೆರಾ ಉತ್ತರಕ್ಕೇ ತಿರುಗಿಸಿದ್ದೇನಲ್ಲ!"

ಇಲ್ಲಿಂದ ಉತ್ತರಕ್ಕೆ ಮೊದಲು ಸಿಗುವುದು ಮೂಡುಬಿದಿರೆ, ಧ್ರುವ ಆಮೇಲೆ. ಬೆಳ್ತಂಗಡಿಯ ಕಡೆ ಘಟ್ಟದ ಮೇಲೆ ಮಿಂಚು ಬೇರೆ. ಸೊಳ್ಳೆಗಳಿಗಂತೂ ಭರ್ಜರಿ ಸಮಾರಾಧನೆ.

ಮೂವತ್ತು ಸೆಕೆಂಡಿನ ಎಕ್ಸ್‌ಪೋಷರ್ ಮುಗಿಯಿತು. ಪರದೆಯ ಅಂಚಿನಲ್ಲಿ ನಿಜಕ್ಕೂ ಕೆಂಪು!

"ನೋಡು, ಇನ್ನೂರು ಕಿಲೋಮೀಟರ್ ಮೇಲಿನ ಆಮ್ಲಜನಕ!" ಭಾವ ಕುಣಿದೇಬಿಟ್ಟರು.

ಅಷ್ಟರಲ್ಲಿ ಆ ದಿಕ್ಕಿನಿಂದಲೇ ಚೆಂಡೆಯ ಪೆಟ್ಟು ಕೇಳಿಸಿತು. ಪತ್ತನಾಜೆಗೆ ಇನ್ನೂ ದಿನವಿತ್ತು, ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರಲಿಲ್ಲ.

"ಆಮ್ಲಜನಕ ಒಳ್ಳೆಯ ಪ್ರಸಂಗವನ್ನೇ ಆಡಿಸ್ತಿದೆ. ಹೋಗುವನಾ ಭಾವ?"